ಮೋಟರ್ ಸುಟ್ಟಿತು ಅನ್ನುವ ಮೊದಲು

(ಸಂಘದ ರಜತ ಮಹೋತ್ಸವದ ನಿಮಿತ್ತ ಏರ್ಪಡಿಸಿದ ರೈತ ಮೇಳಾವದಲ್ಲಿ ಸಂಘದ ನಿರ್ದೇಶಕರೊಬ್ಬರು ಮಾಡಿದ ಭಾಷಣ)



ನಮಗೆ ಕೊಟ್ಟ ವಿಷಯ ಪಂಪ್‌ಸೆಟ್ ಮೋಟರಿನ ವಿದ್ಯುತ್ ದೋಷಗಳು ಮತ್ತು ಅವನ್ನ ಹುಡುಕುವ ಬಗೆ. ಇದನ್ನ ಯಾರಾದರೂ ಇಂಜಿನಿಯರ್ ಸಾಹೇಬರು ಹೇಳಿದ್ದರ ಚಲೋ ಆಗ್ತಿತ್ತು. ನಾವು ಎಸ್.ಎಸ್.ಎಲ್.ಸಿ. ಮುಗಿಸಿ ಹೊಲಕ್ಕ ಬಂದವರು. ಆದರ ನಮ್ಮ ಅಧ್ಯಕ್ಷರು, "ಈ ಊರಾಗ ನಿಮ್ಮಷ್ಟು ಮೋಟರ್ ಸುಟ್ಟವರು ಯಾರೂ ಇಲ್ಲ, ನೀವ ಮಾತಾಡ್ರಿ" ಅಂದರು. ಅದು ಖರೇನ ಐತಿ. ಆದ್ದರಿಂದ ಆ ಸುಟ್ಟ ಮೋಟರಿನಿಂದಲೇ ಪ್ರಾರಂಭ ಮಾಡುತ್ತೇವೆ.

2013ರ ಮಾರ್ಚ್ ತಿಂಗಳು. ಹೊಳಿ ದಂಡಿ ಮೇಲೆ ನಮ್ಮದೊಂದು 10 ಎಚ್.ಪಿ. ಮೋಟರ್, ಸ್ಟಾರ್-ಡೆಲ್ಟಾ ಸ್ಟಾರ್ಟರ್. ನಾಲ್ಕು ಎಕರೆ ಕುಳೆ ಕಬ್ಬು ಅದರ ಮೇಲೆ ನಿಂತಿತ್ತು. ಒಂದು ದಿನ ನೀರು ಬಿಟ್ಟು ಬದುವಿನ ಮೇಲೆ ಕುಂತಾಗ ವಾರ್ನಿಶ್ ಸುಟ್ಟ ವಾಸನೆ ಬಂತು. ಓಡಿ ಹೋಗಿ ಬಂದ್ ಮಾಡುವುದರೊಳಗ ಹೊಗೆ. ಟ್ರ್ಯಾಕ್ಟರ್ ಟ್ರೇಲರಿನಾಗ ಹಾಕಿ ಪೇಟೆಗೆ ಒಯ್ದು ರೀವೈಂಡಿಂಗ್ ಮಾಡಿಸಿ ತಂದಿವಿ. ಒಂಬತ್ತು ದಿನ ನಡೀತು, ಮತ್ತೆ ಸುಟ್ಟಿತು. ಅಂಗಡಿಯವನ ಕೂಡ ಜಗಳ ಆತು. ನೀ ಹಳೇ ತಂತಿ ಹಾಕೀದಿ ಅಂತ ನಾವು, ನಿಮ್ಮ ಲೈನ್ ಸರಿ ಇಲ್ಲ ಅಂತ ಅವನು. ಬೇರೆ ಅಂಗಡಿಗೆ ಒಯ್ದಿವಿ. ಅವರು ಮಾಡಿಕೊಟ್ಟದ್ದು ಹದಿನಾರನೇ ದಿನಕ್ಕ ಹೋತು. ಅಷ್ಟರಾಗ ಕಬ್ಬಿನ ಎಲೆ ಸುರುಳಿ ಸುತ್ತಿದ್ದವು. ಮೂರನೇ ಸಲದ ದುಡ್ಡಿಗೆ ಮನಿಯವರ ಕೊರಳಿನ ಬೋರಮಾಳ ತಂದು ಇದೇ ನಮ್ಮ ಸಂಘದಾಗ ಇಟ್ಟು ಬಂಗಾರ ಸಾಲ ತಗೊಂಡಿವಿ. ಮೂರೂ ಸಲದ್ದು ಕೂಡಿ 17,000 ರೂಪಾಯಿ.

ಆಗ ನಮ್ಮೂರಿನ ನಿವೃತ್ತ ಲೈನ್‌ಮನ್ ಕಾಕಾ ಒಬ್ಬರು, "ಈ ಸಲ ಕಟ್ಟಿಸೂದಕ್ಕಿಂತ ಮೊದಲ ಮೋಟರಿನ ಹೊಟ್ಟಿ ನನಗ ತೋರಿಸ್ರಿ" ಅಂದರು. ಕವರ್ ಬಿಚ್ಚಿ ತೋರಿಸಿದಿವಿ. ಮೂರು ಫೇಸಿನ ಸುರುಳಿಗಳ ಪೈಕಿ ಒಂದೇ ಫೇಸಿನವು ಕರ್ರಗ ಇದ್ದಲಿ ಆಗಿದ್ದವು. ಉಳಿದ ಎರಡು ಫೇಸಿನವು ಮೊನ್ನೆ ಕಟ್ಟಿದಂಗ ಕೆಂಪಗೆ ಹೊಳೀತಿದ್ದವು. ಕಾಕಾ ನಕ್ಕರು. "ಇದು ವೈಂಡಿಂಗ್ ಮಾಡಿದವನ ತಪ್ಪಲ್ಲೋ, ನಡ್ಯಾಕತ್ತಿದ್ದ ಮೋಟರಿಗೆ ಒಂದು ಫೇಸ್ ಬಿಟ್ಟೈತಿ. ನಡಿ, ಎಲ್ಲಿ ಬಿಟ್ಟೈತಿ ನೋಡೂನು" ಅಂದರು.

ನಾವು ಒಪ್ಪಲಿಲ್ಲ. ಯಾಕಂದರ ಪ್ರತಿ ಸಲ ನಾವು ಟೆಸ್ಟರ್ ಹಚ್ಚಿ ನೋಡಿದ್ದಿವಿ, ಮೂರೂ ಕಡೆ ದೀಪ ಹತ್ತಿತ್ತು. ಮೂರನೇ ಸಲ ಮೋಟರ್ ಕಟ್ಟಿಸಿ ಕೂಡಿಸಿದ ಮೇಲೆ ಕಾಕಾ ಯಾರ ಕಡೆಯಿಂದಲೋ ಟಾಂಗ್ ಟೆಸ್ಟರ್ ತಂದರು. ವಾಯರ್ ಬಿಚ್ಚದೇ ಹೊರಗಿನಿಂದ ಚಿಮಟಿಗೆಯಂಗ ಹಿಡಿದರ ಒಳಗೆ ಎಷ್ಟು ಆಂಪಿಯರ್ ಹರಿಯಾಕತ್ತೈತಿ ಅಂತ ತೋರಿಸುವ ಮೀಟರ್ ಅದು. ಮೋಟರ್ ಚಾಲೂ ಮಾಡಿ ಪಕ್ಕದಾಗ ಕುಂತರು. ಮೊದಲು ಮೂರೂ ವಾಯರಿನಾಗ 14, 14, 15. ಇಪ್ಪತ್ತು ನಿಮಿಷ ಆತು, ಮೋಟರಿನ ಧ್ವನಿ ಒಂದಿಷ್ಟು ದಪ್ಪ ಆತು. ಮತ್ತೆ ಹಿಡಿದರು. ಎರಡು ವಾಯರಿನಾಗ 24, ಮೂರನೇದರಾಗ ಸೊನ್ನೆ. ಅದೇ ಸೊನ್ನೆ ಇದ್ದ ವಾಯರಿಗೆ ನಾವು ಟೆಸ್ಟರ್ ಹಚ್ಚಿದಿವಿ. ದೀಪ ಹತ್ತಿತು!

ದೋಷ ಎಲ್ಲಿತ್ತು? ನಮ್ಮದೇ ಫ್ಯೂಸ್ ಪೆಟ್ಟಿಗೆಯಾಗ. ಕಿಟ್‌ಕ್ಯಾಟ್‌ನ ಒಳಗಿನ ಹಿತ್ತಾಳೆ ತುಟಿ ಸಡಿಲಾಗಿ ಕಪ್ಪು ಹಿಡಿದಿತ್ತು. ತಣ್ಣಗಿದ್ದಾಗ ಮುಟ್ಟುತ್ತಿತ್ತು, ಲೋಡ್ ಬಿದ್ದು ಕಾದ ಮೇಲೆ ಬಿಡುತ್ತಿತ್ತು. ಹೊಸ ಕಿಟ್‌ಕ್ಯಾಟಿಗೆ 60 ರೂಪಾಯಿ. ಜಗಳ ಆಡಿದ ಅಂಗಡಿಯವನ ಮುಂದ ಹೋಗಿ ನಿಂದ ಖರೆ ಇತ್ತಪಾ ಅಂತ ಹೇಳಿ ಬಂದಿವಿ. ಆದರೂ ಒಂದು ಮಾತು. ಮೋಟರ್ ಯಾಕ ಸುಟ್ಟಿತು ಅಂತ ಎರಡೂ ಅಂಗಡಿಯಾಗ ಯಾರೂ ವಿಚಾರ ಮಾಡಲಿಲ್ಲ. ಹಾಗೆ ನೋಡಿದರ ನಾವೂ ಕೇಳಲಿಲ್ಲ.

ಟೆಸ್ಟರ್ ಯಾಕ ಸುಳ್ಳು ಹೇಳಿತು ಅನ್ನುವುದನ್ನ ಒಂದಿಷ್ಟು ಬಿಡಿಸಿ ಹೇಳಬೇಕು, ಯಾಕಂದರ ನಮ್ಮ ಕಡೆ ಎಲ್ಲರೂ ಮೋಸ ಹೋಗುವುದು ಇಲ್ಲೇ. ನಡೆಯುತ್ತಿರುವ ಮೋಟರಿಗೆ ಒಂದು ಫೇಸ್ ಬಿಟ್ಟರ ಅದು ತಕ್ಷಣ ನಿಲ್ಲುವುದಿಲ್ಲ. ಉಳಿದ ಎರಡು ಫೇಸಿನ ಮೇಲೆ ತಿರುಗುತ್ತಲೇ ಇರುತ್ತದೆ. ತಿರುಗುವ ಮೋಟರ್ ತಾನೇ ಆ ಸತ್ತ ವಾಯರಿನಾಗ ಹಿಂದಿನಿಂದ ವೋಲ್ಟೇಜ್ ಹುಟ್ಟಿಸುತ್ತದೆ. ಟಿ.ಸಿ. ಕಡೆ ಒಂದು ಫೇಸ್ ಹೋಗಿದ್ದರ, ಅದೇ ಟಿ.ಸಿ. ಮೇಲಿನ ಬಾಜೂ ಹೊಲದವರ ಮೋಟರ್ ನಡೀತಿದ್ದರೂ ಸಾಕು, ನಿಮ್ಮ ಸತ್ತ ಫೇಸಿಗೆ ವೋಲ್ಟೇಜ್ ಬರುತ್ತದೆ. ಟೆಸ್ಟರಿನ ಸಣ್ಣ ದೀಪಕ್ಕೆ ಹತ್ತಲು ಕರೆಂಟು ಬಹಳ ಬೇಕಾಗಿಲ್ಲ. ಹಿಂಗಾಗಿ ದೀಪ ಹತ್ತಿತು ಅಂದರ ಅಲ್ಲಿ ಏನೋ ವೋಲ್ಟೇಜ್ ಐತಿ ಅಂತ ಮಾತ್ರ ಅರ್ಥ. ಅದು ಮೋಟರ್ ಎಳೆಯುವಷ್ಟು ಗಟ್ಟಿ ಐತಿ ಅಂತ ಅಲ್ಲ. ಟೆಸ್ಟರ್ ಹತ್ತಲಿಲ್ಲ ಅಂತ ವಾಯರ್ ಮುಟ್ಟುವುದೂ ತಪ್ಪು. ಒಳಗಿನ ದೀಪ ಕೆಟ್ಟಿರಬಹುದು, ನೀವು ಒಣ ಹಲಗೆ ಮೇಲೆ ನಿಂತಿರಬಹುದು.

ಬಲ್ಬಿನ ಟೆಸ್ಟ್ ಲ್ಯಾಂಪ್ ಟೆಸ್ಟರಿಗಿಂತ ನಂಬಿಗಸ್ತ. ಆದರ ಫೇಸ್-ಫೇಸಿನ ನಡುವೆ 415 ವೋಲ್ಟ್ ಇರುತ್ತದೆ, 230 ವೋಲ್ಟಿನ ಒಂದೇ ಬಲ್ಬ್ ಹಚ್ಚಿದರ ಕೈಯಾಗ ಒಡೆಯುತ್ತದೆ. ಒಂದೇ ವ್ಯಾಟಿನ ಎರಡು ಬಲ್ಬ್ ಒಂದರ ಹಿಂದೆ ಒಂದು ಜೋಡಿಸಿಕೊಳ್ಳಬೇಕು. ಎಲ್ಲಕ್ಕೂ ಚಲೋದು ಟಾಂಗ್ ಟೆಸ್ಟರ್.

ಈಗ ನಮ್ಮ ಭಾಗದ ಮಾತಿಗೆ ಬರೋಣ. ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ಈ ಐದೂ ತಾಲೂಕಿನ ಒಕ್ಕಲುತನ ಬಹುಮಟ್ಟಿಗೆ ನೀರು ಎತ್ತಿ ಮಾಡುವ ಒಕ್ಕಲುತನ. ವೇದಗಂಗಾ ಹೋಗಿ ದೂಧಗಂಗಾಕ್ಕೆ ಕೂಡುತ್ತದೆ, ದೂಧಗಂಗಾ ಹೋಗಿ ಕೃಷ್ಣೆಗೆ ಕೂಡುತ್ತದೆ. ಸದಲಗಾ, ಯಡೂರ, ಅಂಕಲಿ, ಜುಗೂಳ, ಉಗಾರ, ಕುಡಚಿ ಎಲ್ಲಿ ನೋಡಿದರೂ ದಂಡಿಗುಂಟ ಜಾಕ್‌ವೆಲ್ಲು, ಪೈಪು, ಸ್ಟಾರ್ಟರ್ ಪೆಟ್ಟಿಗೆ. ಹೊಳಿ ಕೆಳಗೆ, ಹೊಲ ಮ್ಯಾಲೆ. ಅಥಣಿಯ ಮೂಡಣ ಭಾಗಕ್ಕೆ ಹೋದರ ಹೊಳಿ ಇಲ್ಲ, ಆಳದ ಬೋರು. ಎಲ್ಲೇ ಇರಲಿ, ನಡುವೆ ನಿಂತು ನೀರು ಎತ್ತುವುದು ಮೂರು ಫೇಸಿನ ಮೋಟರ್.

ಈ ತರಹದ ಮೋಟರನ್ನ 1889ರಲ್ಲಿ ದೊಲಿವೊ-ದೊಬ್ರೊವೊಲ್ಸ್ಕಿ ಅನ್ನುವ ರಷ್ಯಾ ಮೂಲದ ಇಂಜಿನಿಯರ್ ಜರ್ಮನಿಯಲ್ಲಿ ಮಾಡಿದರು. ಅದಕ್ಕೆ ಒಂದು ವರ್ಷ ಮೊದಲು, 1888ರಲ್ಲಿ, ನಮ್ಮ ಜಿಲ್ಲೆಯ ಗುರ್ಲಹೊಸೂರಿನಲ್ಲಿ ಹುಟ್ಟಿದ ಲಕ್ಷ್ಮಣರಾವ್ ಕಿರ್ಲೋಸ್ಕರರು ಬೆಳಗಾವಿಯಲ್ಲಿ ಸೈಕಲ್ ಅಂಗಡಿ ತೆರೆದಿದ್ದರು. ಅವರೇ ಮುಂದೆ 1910ರಲ್ಲಿ ಮಿರಜದ ಆಚೆ ಕಿರ್ಲೋಸ್ಕರವಾಡಿಯ ಕಾರಖಾನೆ ಕಟ್ಟಿದರು. ನಮ್ಮ ಹಳ್ಳಿಗಳಲ್ಲಿ ಪಂಪು ಅಂದರ ಅವರ ಮನೆತನದ ಹೆಸರೇ ಬಾಯಿಗೆ ಬರುವುದು ಅದಕ್ಕೇ. ಈ ಮೋಟರಿನ ಒಳಗೆ ತಿರುಗುವ ಭಾಗಕ್ಕೆ ಬ್ರಶ್ ಇಲ್ಲ, ವಾಯರ್ ಇಲ್ಲ. ಕೆಡುವಂಥದ್ದು ಬಹಳ ಕಡಿಮೆ. ನೆಟ್ಟಗೆ ಮೂರು ಫೇಸ್, ನೆಟ್ಟಗೆ ವೋಲ್ಟೇಜ್, ಚಲೋ ಬೇರಿಂಗ್ ಕೊಟ್ಟರ ವರ್ಷಗಟ್ಟಲೆ ನಡೆಯುತ್ತದೆ. ಅಂಥಾದ್ದು ಸುಟ್ಟಿತು ಅಂದರ ಏನೋ ಒಂದು ಅದನ್ನ ಸುಟ್ಟೈತಿ ಅಂತಲೇ ತಿಳಿಯಬೇಕು.

ಸುಟ್ಟ ಮೋಟರ್ ಬಿಚ್ಚಿದ ಕೂಡಲೇ ಸುರುಳಿ ಕಿತ್ತು ಹಾಕಲು ಬಿಡಬೇಡಿರಿ. ಮೊದಲು ನಿಂತು ನೋಡ್ರಿ. ಡೆಲ್ಟಾ ಜೋಡಣೆಯ ಮೋಟರಿನಲ್ಲಿ ಒಂದೇ ಫೇಸ್ ಕಪ್ಪಾಗಿದ್ದರ, ಅಥವಾ ಸ್ಟಾರ್ ಜೋಡಣೆಯದರಲ್ಲಿ ಎರಡು ಫೇಸ್ ಕಪ್ಪಾಗಿ ಒಂದು ಚಲೋ ಉಳಿದಿದ್ದರ, ಅದು ಒಂದು ಫೇಸ್ ಬಿಟ್ಟ ಗುರುತು. 3 ಎಚ್.ಪಿ. ತನಕದ ಮೋಟರುಗಳು ಸಾಮಾನ್ಯವಾಗಿ ಸ್ಟಾರ್, ಅದಕ್ಕಿಂತ ದೊಡ್ಡವು ಡೆಲ್ಟಾ. ಮೂರೂ ಫೇಸ್ ಒಂದೇ ಸಮ ಕಪ್ಪಾಗಿದ್ದರ ಲೋಡ್ ಹೆಚ್ಚಾಗಿದೆ, ಇಲ್ಲವೇ ವೋಲ್ಟೇಜ್ ಕಡಿಮೆಯಾಗಿದೆ, ಇಲ್ಲವೇ ಬೇರಿಂಗ್ ಜಾಮ್ ಆಗಿದೆ. ಬರೇ ಒಂದು ಜಾಗದಲ್ಲಿ ರೂಪಾಯಿ ಅಗಲ ಸುಟ್ಟು ತಂತಿ ಕರಗಿದ್ದರ, ಅಲ್ಲಿ ಸುತ್ತಿಗೆ ಸುತ್ತು ತಾಗಿದೆ ಅಥವಾ ಸುರುಳಿ ಬಾಡಿಗೆ ತಾಗಿದೆ. ಅದಕ್ಕೆ ವಸೆ, ಇಲಿ, ಅಥವಾ ಕಟ್ಟುವಾಗ ಕಾಗದ ಹರಿದದ್ದು ಕಾರಣ ಇರಬಹುದು. ಈ ಮೂರನೇದಕ್ಕೆ ಮಾತ್ರ ರೀವೈಂಡಿಂಗ್ ಅಂಗಡಿಯೇ ಔಷಧ. ಮೊದಲಿನ ಎರಡಕ್ಕೆ ರೀವೈಂಡಿಂಗ್ ಮಾಡಿಸಿ ಕೂಡಿಸಿದರ ನಮ್ಮಂಗ ಮತ್ತೆ ಬೋರಮಾಳ ಹುಡುಕಬೇಕಾಗುತ್ತದೆ.

ಇನ್ನ ಸುಡುವ ಮೊದಲಿನ ಲಕ್ಷಣಗಳು. ಬಟನ್ ಒತ್ತಿದರ ಮೋಟರ್ ಗುಂಯ್ ಅಂತದ, ತಿರುಗುವುದಿಲ್ಲ. ಇಲ್ಲಿ ಎರಡೇ ಕಾರಣ. ಒಂದು ಫೇಸ್ ಇಲ್ಲ, ಇಲ್ಲವೇ ಪಂಪು ಜಾಮ್ ಆಗಿದೆ. ಮೇನ್ ಸ್ವಿಚ್ ತೆಗೆದು ಶಾಫ್ಟ್ ಕೈಯಿಂದ ತಿರುಗಿಸಿ ನೋಡಿದರ ಗೊತ್ತಾಗುತ್ತದೆ. ಸರಳ ತಿರುಗಿದರ ಫೇಸ್ ಹುಡುಕ್ರಿ. ಗುಂಯ್ ಅನ್ನುವ ಮೋಟರಿಗೆ ಮತ್ತೆ ಮತ್ತೆ ಬಟನ್ ಒತ್ತುವುದು ಎಲ್ಲಕ್ಕಿಂತ ಕೆಟ್ಟದ್ದು, ಆಗ ಅದು ನಡೆಯುವಾಗಿನ ಕರೆಂಟಿನ ಐದಾರು ಪಟ್ಟು ಎಳೆಯುತ್ತಿರುತ್ತದೆ.

ಬಟನ್ ಒತ್ತಿದಾಗ ಎಳೆಯುತ್ತದೆ, ಬೆರಳು ತೆಗೆದ ಕೂಡಲೇ ಬಿಡುತ್ತದೆ. ಇದು ಮೋಟರಿನ ದೋಷ ಅಲ್ಲ, ಸ್ಟಾರ್ಟರಿನದು. ಕಾಯಿಲನ್ನ ಹಿಡಿದು ನಿಲ್ಲಿಸುವ ಸಣ್ಣ ಕಾಂಟ್ಯಾಕ್ಟ್ ಕೆಟ್ಟಿರುತ್ತದೆ. ಇರುವೆ, ಹಲ್ಲಿ, ಮಣ್ಣಿನ ಹುಳದ ಗೂಡು ಎಲ್ಲಾ ಇಲ್ಲೇ. ಒಂದು ಹಲ್ಲಿ ಕಾಂಟ್ಯಾಕ್ಟಿನ ನಡುವೆ ಸಿಕ್ಕು ಸತ್ತದ್ದಕ್ಕೆ ನಮ್ಮ ಬಾಜೂ ಹೊಲದವರು ಹೊಸ ಸ್ಟಾರ್ಟರ್ ತಂದರು. ಹಳೇದನ್ನ ನಾವು ಗುಜರಿಯಿಂದ ತಗೊಂಡು ಹಲ್ಲಿ ತೆಗೆದು ಇವತ್ತಿಗೂ ನಡೆಸಾಕತ್ತೀವಿ. ವೋಲ್ಟೇಜ್ ತೀರಾ ಕಡಿಮೆ ಇದ್ದರೂ ಕಾಯಿಲ್ ಬಿಡುತ್ತದೆ. ಅದು ಕಾಯಿಲ್ ಮಾಡಬೇಕಾದ ಕೆಲಸವೇ, ಕಾಂಟ್ಯಾಕ್ಟರಿಗೆ ಕಟ್ಟಿಗೆ ಚೂರು ಬಡಿದು ಹಿಡಿಸಿ ಇಡುವವರನ್ನ ಕಂಡಿದ್ದೇವೆ. ನಾವೂ ಮಾಡಿದ್ದೇವೆ, ಈಗ ಹೇಳಲು ನಾಚಿಕೆ ಬರುತ್ತದೆ.

ಸ್ಟಾರ್ಟ್ ಆಗುತ್ತದೆ, ಆದರ ನೀರು ಕಡಿಮೆ, ಧ್ವನಿ ಮೆತ್ತಗ. ಸ್ಟಾರ್-ಡೆಲ್ಟಾ ಇದ್ದರ ಡೆಲ್ಟಾಕ್ಕೆ ಹಾರಿಲ್ಲ ಅಂತ ಸಂಶಯ ಪಡಬೇಕು. ಸ್ಟಾರಿನಲ್ಲಿ ಮೋಟರಿನ ಬಲ ಡೆಲ್ಟಾದ ಮೂರನೇ ಒಂದು ಭಾಗ. ಟೈಮರ್ ಕೆಟ್ಟಿದ್ದರ ಅದರ ಮೇಲೇ ನಿಂತು ಒದ್ದಾಡಿ ಕಾಯುತ್ತದೆ. ಚಾಲೂ ಮಾಡಿ ಹತ್ತು ಸೆಕೆಂಡಿನ ಒಳಗೆ ಟಕ್ ಅನ್ನುವ ಎರಡನೇ ಸಪ್ಪಳ ಕೇಳಬೇಕು.

ಇಪ್ಪತ್ತು-ಮೂವತ್ತು ನಿಮಿಷ ನಡೆದು ರಿಲೇ ಬೀಳುತ್ತದೆ ಅನ್ನುವುದು ಬಹಳ ಮಂದಿಯ ತಕರಾರು. ನಮ್ಮವರು ಮೊದಲು ಮಾಡುವುದು ರಿಲೇಯ ಮುಳ್ಳನ್ನ ಕಡೆ ತನಕ ತಿರುಗಿಸಿ ಇಡುವುದು. 2013ರಲ್ಲಿ ನಮ್ಮ ಮೋಟರ್ ಮೂರು ಸಲ ಸುಡಲು ಕಿಟ್‌ಕ್ಯಾಟ್ ಅರ್ಧ ಕಾರಣ, ಇದು ಇನ್ನರ್ಧ. 10 ಎಚ್.ಪಿ. ಮೋಟರ್ ಲೈನಿನಿಂದ ಸುಮಾರು 14 ಆಂಪಿಯರ್ ಎಳೆಯುತ್ತದೆ. ಆದರ ಸ್ಟಾರ್-ಡೆಲ್ಟಾ ಪೆಟ್ಟಿಗೆಯಲ್ಲಿ ರಿಲೇಯನ್ನ ಸಾಮಾನ್ಯವಾಗಿ ಒಂದೊಂದು ಸುರುಳಿಗೆ ಹೋಗುವ ದಾರಿಯಲ್ಲಿ ಕೂಡಿಸಿರುತ್ತಾರೆ. ಅಲ್ಲಿ ಹರಿಯುವುದು ಲೈನ್ ಕರೆಂಟಿನ ನೂರಕ್ಕೆ 58 ಭಾಗ ಮಾತ್ರ, ಅಂದರ 8 ಆಂಪಿಯರ್. ನಾವು 14 ಎಳೆಯುವ ಮೋಟರಿಗೆ 14 ಅಂತ ಲೆಕ್ಕ ಹಾಕಿ ರಿಲೇ ಅಲ್ಲಿಗೆ ಇಟ್ಟಿದ್ದಿವಿ. ಅದು ಯಾಕ ಬೀಳತೈತಿ? ಸುರುಳಿ ಸುಟ್ಟರೂ ಸುಮ್ಮನೆ ಕುಂತಿತ್ತು. ಇವತ್ತು ಮನೆಗೆ ಹೋದ ಮೇಲೆ ಮೇನ್ ಸ್ವಿಚ್ ತೆಗೆದು ನಿಮ್ಮ ರಿಲೇ ಎಲ್ಲಿಗೆ ಇದೆ ನೋಡ್ರಿ, ಮೋಟರಿನ ಪಟ್ಟಿಯ ಮೇಲೆ ಬರೆದ ಆಂಪಿಯರಿಗೆ ತಾಳೆ ಹಾಕ್ರಿ. ಇದರ ಜೊತೆಗೆ ಸಿಂಗಲ್ ಫೇಸ್ ಪ್ರಿವೆಂಟರ್ ಅಂತ ಒಂದು ಸಣ್ಣ ಡಬ್ಬಿ ಬರುತ್ತದೆ. ಒಂದು ಫೇಸ್ ಬಿಟ್ಟ ಕೂಡಲೇ ಮೋಟರ್ ಬಂದ್ ಮಾಡುತ್ತದೆ. ಕರೆಂಟ್ ನೋಡಿ ಕೆಲಸ ಮಾಡುವ ತರಹದ್ದನ್ನೇ ತಗೋರಿ. ಬರೇ ವೋಲ್ಟೇಜ್ ನೋಡುವಂಥಾದ್ದು, ಈಗ ಹೇಳಿದ ಹಿಂದಿನ ವೋಲ್ಟೇಜಿಗೆ, ನಮ್ಮ ಟೆಸ್ಟರಿನಂಗ ಮೋಸ ಹೋಗಬಹುದು.

ರಿಲೇ ಸರಿ ಇಟ್ಟ ಮೇಲೂ ಬೀಳುತ್ತಿದ್ದರ ಟಾಂಗ್ ಟೆಸ್ಟರ್ ಹಿಡಿದು ಮೂರು ವಾಯರಿನ ಅಂಕಿ ಬರೆದುಕೊಳ್ಳಬೇಕು. ಮೂರೂ ಸಮ ಇದ್ದು ಎಲ್ಲಾ ಹೆಚ್ಚಿದ್ದರ ಪಂಪಿನ ಕಡೆ ನೋಡ್ರಿ. ಒಂದು ಹೆಚ್ಚು ಒಂದು ಕಡಿಮೆ ಇದ್ದರ, ದೋಷ ಲೈನಿನದೋ ನಮ್ಮದೋ ಅನ್ನುವ ಪ್ರಶ್ನೆ ಏಳುತ್ತದೆ. ಇದಕ್ಕೆ ಕಾಕಾ ಕಲಿಸಿದ ಒಂದು ಉಪಾಯ ಐತಿ. ಮೇನ್ ಸ್ವಿಚ್ ತೆಗೆದು ಫ್ಯೂಸ್ ಕಿತ್ತಿಟ್ಟು, ಸ್ಟಾರ್ಟರಿಗೆ ಒಳಬರುವ ಮೂರು ವಾಯರನ್ನ ಒಂದೊಂದು ಮನಿ ಮುಂದಕ್ಕೆ ಸರಿಸಬೇಕು. ಮೊದಲನೇದು ಎರಡನೇ ಮನಿಗೆ, ಎರಡನೇದು ಮೂರಕ್ಕೆ, ಮೂರನೇದು ಒಂದಕ್ಕೆ. ಮೂರನ್ನೂ ಸರಿಸಿದರ ಮೋಟರ್ ಉಲ್ಟಾ ತಿರುಗುವುದಿಲ್ಲ, ಎರಡನ್ನೇ ಬದಲಿ ಮಾಡಿದರ ಮಾತ್ರ ಉಲ್ಟಾ. ಮತ್ತೆ ಚಾಲೂ ಮಾಡಿ ಅಂಕಿ ನೋಡ್ರಿ. ಹೆಚ್ಚಿನ ಅಂಕಿ ಅದೇ ಲೈನ್ ವಾಯರಿನ ಬೆನ್ನು ಹತ್ತಿ ಹೋದರ ದೋಷ ಲೈನಿನ ಕಡೆ. ವಾಯರ್ ಬದಲಾದರೂ ಸ್ಟಾರ್ಟರಿನ ಅದೇ ಮನಿಯಾಗ ಹೆಚ್ಚು ನಿಂತರ ದೋಷ ನಮ್ಮ ಸ್ಟಾರ್ಟರ್, ಕೇಬಲ್ ಅಥವಾ ಮೋಟರಿನಾಗ. ಲೈನ್ ವೋಲ್ಟೇಜಿನಲ್ಲಿ ನೂರಕ್ಕೆ ಒಂದೆರಡು ಭಾಗ ಹೆಚ್ಚು-ಕಡಿಮೆ ಇದ್ದರೂ ಕರೆಂಟಿನಲ್ಲಿ ಅದರ ಆರರಿಂದ ಹತ್ತು ಪಟ್ಟು ವ್ಯತ್ಯಾಸ ಕಾಣುತ್ತದೆ. ಆದ್ದರಿಂದ ಅಂಕಿ ಬೇರೆ ಬೇರೆ ಬಂದ ಕೂಡಲೇ ಮೋಟರ್ ಇಳಿಸಲು ಹೋಗಬೇಡ್ರಿ.

ಈಗ ಹೇಳುವುದು ನಮ್ಮ ಹೊಳಿಸಾಲಿನವರದೇ ತಾಪತ್ರಯ. ಬ್ಯಾಸಗಿಯಲ್ಲಿ ನೀರು ಇಳಿದಂಗ ಮೋಟರ್ ಕೆಳಗೆ ಕೆಳಗೆ ಹೋಗುತ್ತದೆ. 2019ರ ಮೇ ತಿಂಗಳಲ್ಲಿ ಕೃಷ್ಣೆ ಒಣಗಿದಾಗ ಪಾತ್ರದ ನಡುವಿನ ಮಡುವಿನ ತನಕ ಮೋಟರ್ ಒಯ್ದವರು ಇಲ್ಲಿ ಬಹಳ ಮಂದಿ ಇದ್ದೀರಿ. ಮೋಟರ್ ಮುಂದ ಹೋದಂಗ ಕೇಬಲ್ ಉದ್ದ ಆಗುತ್ತದೆ. ಮನಿಯಾಗ ಇದ್ದ ತುಂಡು, ಅಳಿಯನ ಕಡೆ ಇದ್ದ ತುಂಡು, ಒಂದು ತಾಮ್ರ ಒಂದು ಅಲ್ಯೂಮಿನಿಯಂ, ಜೋಡಿಸಿ ಟೇಪು ಸುತ್ತಿ ಉಸುಕಿನಾಗ ಎಳೆದು ಬಿಡುತ್ತೇವೆ. ಲೆಕ್ಕ ಹೇಳುತ್ತೇವೆ ಕೇಳ್ರಿ. 10 ಎಚ್.ಪಿ. ಮೋಟರಿಗೆ 6 ಚದರ ಮಿಲಿಮೀಟರಿನ ಅಲ್ಯೂಮಿನಿಯಂ ಕೇಬಲ್ 300 ಮೀಟರ್ ಎಳೆದರ ಕೇಬಲ್ ಒಂದೇ ಸುಮಾರು 30-35 ವೋಲ್ಟ್ ತಿನ್ನುತ್ತದೆ. ಚಾಲೂ ಆಗುವಾಗ ಇನ್ನೂ ಬಹಳ. ಪೆಟ್ಟಿಗೆಯಾಗ 380 ಇದ್ದರ ಮೋಟರಿನ ಬಾಯಿಗೆ 350 ಸಹ ಮುಟ್ಟುವುದಿಲ್ಲ. ಮೋಟರಿನ ಬಲ ವೋಲ್ಟೇಜಿನ ವರ್ಗದ ಲೆಕ್ಕದಲ್ಲಿ ಬೀಳುತ್ತದೆ. 415 ಇರುವಲ್ಲಿ 300 ಬಂದರ ಬಲ ಅರ್ಧಕ್ಕೆ ಇಳಿಯುತ್ತದೆ. ಕೇಬಲ್ 16 ಚದರ ಮಿಲಿಮೀಟರಿಂದು ಹಾಕಿದರ ಇದೇ 300 ಮೀಟರಿಗೆ 14 ವೋಲ್ಟಿನ ಆಸುಪಾಸು ಹೋಗುತ್ತದೆ. ತಾಮ್ರ-ಅಲ್ಯೂಮಿನಿಯಂ ಸೀದಾ ಹೆಣೆದ ಜಾಯಿಂಟ್ ಕಾದು, ತುಕ್ಕು ಹಿಡಿದು, ಒಂದು ದಿನ ನಮ್ಮ ಕಿಟ್‌ಕ್ಯಾಟಿನ ಕೆಲಸವನ್ನೇ ಮಾಡುತ್ತದೆ. ಆದ್ದರಿಂದ ವೋಲ್ಟೇಜನ್ನ ಪೆಟ್ಟಿಗೆಯಾಗ ಅಷ್ಟೇ ಅಲ್ಲ, ಮೋಟರ್ ನಡೆಯುವಾಗ ಮೋಟರಿನ ಹತ್ತಿರವೂ ಅಳೆಯಬೇಕು. ಅಳೆಯುವ ಕೆಲಸ ತಿಳಿದವರಿಂದ, ಒಣ ಜಾಗದಾಗ.

ಮಳೆಗಾಲದಲ್ಲಿ ಇದರ ಉಲ್ಟಾ. 2005, 2019, 2021ರ ಮಹಾಪೂರ ನಾವ್ಯಾರೂ ಮರೆಯುವಂಥವಲ್ಲ. 2019ರ ಆಗಸ್ಟ್‌ನಲ್ಲಿ ನೀರು ಇಳಿದ ಮೇಲೆ ಕೆಸರಿನಾಗ ಹುಗಿದ ಮೋಟರ್ ತೆಗೆದು, ಬಿಸಿಲಿಗೆ ಎರಡು ದಿನ ಇಟ್ಟು, ಮೇಲೆ ಒಣಗಿತು ಅಂತ ಕರೆಂಟ್ ಕೊಟ್ಟು ಸುಟ್ಟವರು ಎಷ್ಟು ಮಂದಿ! ಮುಳುಗಿದ ಮೋಟರ್ ಸುಟ್ಟಿರುವುದಿಲ್ಲ, ತೊಯ್ದಿರುತ್ತದೆ. ಕರೆಂಟ್ ಕೊಟ್ಟಾಗ ಸುಡುತ್ತದೆ. ಪೂರ್ತಿ ಬಿಚ್ಚಿ, ಸುರುಳಿಯೊಳಗಿನ ಗೋಡು ಹೋಗುವ ತನಕ ಶುದ್ಧ ನೀರಿನಿಂದ ತೊಳೆದು, ಬಸಿದು, ಒಳಗೆ 100 ಅಥವಾ 200 ವ್ಯಾಟಿನ ಬಲ್ಬ್ ಸುರುಳಿಗೆ ತಾಗದಂಗ ತೂಗು ಹಾಕಿ, ಮೇಲೆ ಗಾಳಿ ಆಡುವಂಗ ಮುಚ್ಚಿ ಎರಡು-ಮೂರು ದಿನ ಒಣಗಿಸಬೇಕು. ಬೆಂಕಿ ಹಾಕಬಾರದು. ಆಮೇಲೆ ಮೆಗ್ಗರ್ ಹಚ್ಚಬೇಕು. 500 ವೋಲ್ಟಿನ ಮೆಗ್ಗರಿನಲ್ಲಿ ಸುರುಳಿಗೂ ಬಾಡಿಗೂ ನಡುವೆ ಕಡಿಮೆ ಅಂದರೂ 1 ಮೆಗಾ ಓಮ್ ಬರಬೇಕು, ಚೆನ್ನಾಗಿ ಒಣಗಿದ್ದು ಅದಕ್ಕಿಂತ ಎಷ್ಟೋ ಮೇಲೆ ತೋರಿಸುತ್ತದೆ. ಇಲ್ಲೊಂದು ಚಮತ್ಕಾರ ಐತಿ. ಬಲ್ಬ್ ಹಚ್ಚಿದ ಮೊದಲ ಕೆಲವು ತಾಸು ಅಂಕಿ ಏರುವ ಬದಲು ಇಳಿಯುತ್ತದೆ. ಹೆದರಬೇಡ್ರಿ, ಕಾದ ತೇವದ ಗುಣ ಅದು. ತೇವ ಹೊರಬಿದ್ದಂಗ ಮತ್ತೆ ಏರುತ್ತದೆ. ಅಂಕಿ ಏರಿ ನಿಂತ ಮೇಲೆಯೇ ವಾರ್ನಿಶ್, ಹೊಸ ಬೇರಿಂಗ್, ಆಮೇಲೆ ಕರೆಂಟು. ಸ್ಟಾರ್ಟರಿನ ರಿಲೇ ಮುಳುಗಿದ್ದರ ಹೊಸದೇ ಹಾಕ್ರಿ. 2019ರಲ್ಲಿ ನಮ್ಮದೊಂದು ಮತ್ತು ಅಣ್ಣನವರದೊಂದು ಮೋಟರನ್ನ ಹಿಂಗ ಒಣಗಿಸಿ ಕೂಡಿಸಿದಿವಿ. ಎರಡಕ್ಕೂ ರೀವೈಂಡಿಂಗ್ ಬೀಳಲಿಲ್ಲ.

ಮೆಗ್ಗರ್ ಹಚ್ಚುವಾಗ ಮೋಟರಿನ ವಾಯರ್ ಸ್ಟಾರ್ಟರಿನಿಂದ ಬಿಚ್ಚಿರಬೇಕು. ಮೋಟರಿನ ಮೇಲಿನ ಪಟ್ಟಿಗಳನ್ನ ತೆಗೆದು ಸುರುಳಿ-ಸುರುಳಿಯ ನಡುವೆಯೂ ನೋಡಬೇಕು. ಆದರ ಮೆಗ್ಗರ್ ಎಲ್ಲಾ ಹೇಳುವುದಿಲ್ಲ. ಒಂದೇ ಸುರುಳಿಯ ಸುತ್ತಿಗೆ ಸುತ್ತು ತಾಗಿದ್ದರ ಮೆಗ್ಗರಿಗೆ ತಿಳಿಯುವುದಿಲ್ಲ, ಅದನ್ನ ಟಾಂಗ್ ಟೆಸ್ಟರಿನ ಮೂರು ಅಂಕಿ ಮತ್ತು ವಾಯರ್ ಸರಿಸುವ ಉಪಾಯವೇ ಹೇಳಬೇಕು.

ಕಂಡೆನ್ಸರ್ ವಿಷಯ ಹೇಳದಿದ್ದರ ನೀವೇ ಕೇಳುತ್ತೀರಿ. ಕಂಡೆನ್ಸರ್ ಎರಡು ತರಹ ಬಳಕೆ. ಒಂದು, ಲೈನಿನ ಭಾರ ಇಳಿಸಲು ಮೂರು ಫೇಸಿಗೂ ಹಾಕುವ ಕೆಪಾಸಿಟರ್, 5 ಎಚ್.ಪಿ.ಗೆ 2 ಕೆ.ವಿ.ಎ.ಆರ್., 10ಕ್ಕೆ 4 ಸಾಮಾನ್ಯ. ಇದು ಚಲೋದು, ಎಲ್ಲರೂ ಹಾಕ್ರಿ. ಇನ್ನೊಂದು, ಮೂರು ಫೇಸ್ ಇಲ್ಲದ ಹೊತ್ತಿನಲ್ಲಿ ಎರಡರ ಮೇಲೆ ಮೋಟರ್ ಎಳೆಸಲು ಹಾಕುವ ಕಳ್ಳ ಕಂಡೆನ್ಸರ್. ನಮ್ಮ ಪಾಳಿ ರಾತ್ರಿ ಎರಡಕ್ಕೆ ಬಂದಾಗ, ಬೆಳೆ ಕಣ್ಣ ಮುಂದ ಒಣಗುವಾಗ ಯಾಕ ಹಾಕುತ್ತಾರೆ ಅನ್ನುವುದು ನಮಗೆ ಗೊತ್ತು. ಆದರ ಆಗ ಮೋಟರ್ ಪೂರ್ತಿ ಬಲ ಕೊಡುವುದಿಲ್ಲ, ಸುರುಳಿಗಳಲ್ಲಿ ಕರೆಂಟ್ ಸಮ ಹರಿಯುವುದಿಲ್ಲ, ಪ್ರಿವೆಂಟರ್ ತೆಗೆದಿಟ್ಟೇ ನಡೆಸಬೇಕಾಗುತ್ತದೆ, ಮತ್ತು ಸತ್ತ ಲೈನಿಗೆ ಹಿಂದಿನಿಂದ ವೋಲ್ಟೇಜ್ ಹೋಗುತ್ತದೆ. ಆ ಲೈನ್ ಸತ್ತೈತಿ ಅಂತ ತಿಳಿದು ಬಾಜೂದವನು ಫ್ಯೂಸಿಗೆ ಕೈ ಹಾಕಿದರ ಏನಾದೀತು?

2009ರಲ್ಲಿ ನಮ್ಮ ಸೋದರಮಾವನವರ ಒಂದು ಎತ್ತು ಪೈಪಿನ ಸೋರಿಕೆಗೆ ಬಾಯಿ ಹಚ್ಚಿ ನೀರು ಕುಡಿಯಲು ಹೋಗಿ ಅಲ್ಲೇ ಬಿತ್ತು. ಸುರುಳಿ ಬಾಡಿಗೆ ತಾಗಿತ್ತು, ಅರ್ಥಿಂಗ್ ವಾಯರ್ ಎಂದೋ ಹರಿದಿತ್ತು. ಹಗ್ಗ ಹಿಡಿದ ಹುಡುಗ ಎರಡು ಮಾರು ಹಿಂದಿದ್ದ. ಆ ಮೋಟರ್ ಅದಕ್ಕೂ ಮೊದಲು ಹದಿನೈದು ದಿನದಿಂದ 'ಚಿಮುಚಿಮು' ಅಂತಿತ್ತಂತ, ಮಂದಿ ನಕ್ಕು ಬಿಟ್ಟಿದ್ದರಂತ. ಮೋಟರ್, ಪೈಪು, ಪೆಟ್ಟಿಗೆ ಚಿಮುಕು ಹೊಡೆದರ ಅದೇ ಗಳಿಗೆಗೆ ಬಂದ್ ಮಾಡಿ ಮೆಗ್ಗರ್ ಹಚ್ಚಬೇಕು. ಅರ್ಥಿಂಗ್ ಗುಂಡಿಗೆ ಬ್ಯಾಸಗಿಯಲ್ಲಿ ವಾರಕ್ಕೊಮ್ಮೆ ಎರಡು ಕೊಡ ನೀರು ಹಾಕ್ರಿ. ಒಂದು ಫೇಸ್ ಮತ್ತು ಅರ್ಥಿಂಗ್ ಹಿಡಿದು ಗುಡಿಸಲಿಗೆ ಬಲ್ಬ್ ಹಚ್ಚುವ ಪದ್ಧತಿ ಬಿಡ್ರಿ, ಅರ್ಥಿಂಗ್ ವಾಯರ್ ಹರಿದ ದಿನ ಮೋಟರಿನ ಬಾಡಿಗೇ ಫೇಸ್ ಬರುತ್ತದೆ. ಮತ್ತು ನಾವು ಇವತ್ತು ಹೇಳಿದ್ದೆಲ್ಲಾ ಮೀಟರಿನಿಂದ ಈಚೆ, ನಮ್ಮ ಪೆಟ್ಟಿಗೆಯ ಕೆಲಸ. ಕಂಬ, ಟಿ.ಸಿ., ಡಿ.ಓ. ಫ್ಯೂಸ್ ಇವಕ್ಕೆ ಎಷ್ಟೇ ಅವಸರ ಇದ್ದರೂ ಕೋಲು ಹಚ್ಚಬೇಡ್ರಿ. 1912ಕ್ಕೆ ಫೋನ್ ಮಾಡಿ ದೂರು ನಂಬರ್ ಬರೆದುಕೊಳ್ರಿ, ಲೈನ್‌ಮನ್ ಬರಲಿ.

ನೆರೆಯ ಹುಕ್ಕೇರಿಯಲ್ಲಿ 1969ರಷ್ಟು ಹಿಂದೆಯೇ ವಿದ್ಯುತ್ ಹಂಚುವುದಕ್ಕೇ ಸಹಕಾರಿ ಸಂಘ ಕಟ್ಟಿದರು. ಅಷ್ಟು ದೊಡ್ಡದು ನಮ್ಮಿಂದ ಆಗಿಲ್ಲ. ಆದರ 2019ರ ಮಹಾಪೂರ ಆದ ಮೇಲೆ ಆಡಳಿತ ಮಂಡಳಿಯಲ್ಲಿ ಈ ಮಾತು ತೆಗೆದಾಗ ಎಲ್ಲರೂ ಒಪ್ಪಿ ಸಂಘಕ್ಕೆ ಒಂದು ಮೆಗ್ಗರ್, ಒಂದು ಟಾಂಗ್ ಟೆಸ್ಟರ್ ಖರೀದಿ ಮಾಡಿದಿವಿ. ಗೊಬ್ಬರದ ಗೋದಾಮಿನ ಬಾಜೂ ಕಪಾಟಿನಲ್ಲಿ ಇವೆ. ಸದಸ್ಯರಿಗೆ ಬಾಡಿಗೆ ಇಲ್ಲ, ರಜಿಸ್ಟರಿನಲ್ಲಿ ಸಹಿ ಮಾಡಿ ಒಯ್ಯಬೇಕು, ಅದೇ ದಿನ ಸಂಜೆ ತಂದು ಕೊಡಬೇಕು. ಬಳಸಲು ಬಾರದವರು ಐ.ಟಿ.ಐ. ಕಲಿತ ನಮ್ಮೂರ ಹುಡುಗರನ್ನ ಕರಕೊಂಡು ಹೋಗ್ರಿ, ಅವರಿಗೆ ಚಾ ಕುಡಿಸಿ ಕಳಸ್ರಿ. ರಜಿಸ್ಟರಿನಾಗ ಒಂದು ಕಾಲಮ್ಮು ಹೆಚ್ಚಿಗೆ ಹಾಕಿಸಿದ್ದೇವೆ, 'ಕಡೆಗೆ ದೋಷ ಎಲ್ಲಿ ಸಿಕ್ಕಿತು' ಅಂತ. ದಯಮಾಡಿ ಅದನ್ನ ಖಾಲಿ ಬಿಡಬೇಡ್ರಿ. ಇಲ್ಲಿಯ ತನಕ ತುಂಬಿದ್ದನ್ನ ಓದಿದರ ಫ್ಯೂಸು, ಜಾಯಿಂಟು, ಕಾಂಟ್ಯಾಕ್ಟು ಇವೇ ಬಹಳ ಸಲ ಬರೆದಾವ.

ಬೋರಮಾಳ ಏನಾತು ಅಂತ ಮುಂದ ಕುಂತ ಅಕ್ಕನವರು ಆಗಲೇ ಸನ್ನೆ ಮಾಡಿ ಕೇಳಿದರು. ಮರು ವರ್ಷ ಕಬ್ಬಿನ ಬಿಲ್ಲು ಬಂದ ಮೇಲೆ ಬಿಡಿಸಿಕೊಂಡಿವಿ ಅಕ್ಕಾ. ಮಂಟಪದ ಹೊರಗೆ ಬೇವಿನ ಗಿಡದ ಕೆಳಗೆ ಮೇಜಿನ ಮೇಲೆ ಸುಟ್ಟ ಮೋಟರ್ ಎರಡು ಬಿಚ್ಚಿ ಇಟ್ಟಿದ್ದೇವೆ, ಒಂದು ಫೇಸ್ ಬಿಟ್ಟದ್ದು, ಇನ್ನೊಂದು ಲೋಡಿಗೆ ಸುಟ್ಟದ್ದು. ಯಾವುದು ಯಾವುದು ಅಂತ ನಾವು ಹೇಳುವುದಿಲ್ಲ. ಪ್ರಸಾದಕ್ಕೆ ಕೂಡ್ರುವ ಮೊದಲು ಬಂದು ನೋಡಿ ನೀವೇ ಹೇಳಬೇಕು.